ಎರಡು ಇಂಚು ಕಡಿಮೆ

ಟೈಲರಕ್ಕನ ಹತ್ತಿರ ಅಳತೆ ಕೊಟ್ಟವರಲ್ಲಿ ದಪ್ಪಗಿದ್ದವರು ಒಬ್ಬರೂ ಇರಲಿಲ್ಲ. ಬಾಗಿಲಲ್ಲಿ ಅಡ್ಡ ತಿರುಗಿ ಒಳಗೆ ಬರಬೇಕಾದಂಥ ಹೆಂಗಸಿಗೂ ಟೇಪು ಸುತ್ತಿ, "ಸೊಂಟ ಮೂವತ್ತಾರು" ಎಂದು ಬೀದಿಗೆ ಕೇಳುವ ಹಾಗೆ ಹೇಳುತ್ತಿದ್ದಳು. ಪುಸ್ತಕದಲ್ಲಿ ಮಾತ್ರ ಸದ್ದಿಲ್ಲದೆ ಮೂವತ್ತೆಂಟು ಬರೆದುಕೊಂಡು, ಮೂವತ್ತೆಂಟಕ್ಕೇ ಕತ್ತರಿ ಹಾಕುತ್ತಿದ್ದಳು. ಬಟ್ಟೆ ಸಲೀಸಾಗಿ ಕೂರುತ್ತಿತ್ತು, ಹಾಕಿಕೊಂಡವರ ಮುಖ ಅರಳುತ್ತಿತ್ತು. "ಬೇರೆ ಕಡೆ ಹೊಲಿಸಿದ್ರೆ ಬಿಗಿ, ನಿನ್ನ ಹತ್ರ ಹೊಲಿಸಿದ್ರೆ ನಾನು ತೆಳ್ಳಗಾಗ್ತೀನಿ ನೋಡು" ಎಂದು ಗಿರಾಕಿಗಳು ಹೊಗಳಿ ಹೋಗುತ್ತಿದ್ದರು. ಎರಡು ಇಂಚು ಕಡಿಮೆ ಹೇಳಿದರೆ ಯಾರಪ್ಪನ ಗಂಟು ಹೋಗುತ್ತದೆ ಎನ್ನುವುದು ಅವಳ ವಾದ. ಮೂವತ್ತು ವರ್ಷ ಯಾರ ಗಂಟೂ ಹೋಗಲಿಲ್ಲ, ನಿಜ. ಹೋದದ್ದು ಆಮೇಲೆ, ಅದೂ ಅವಳ ಸ್ವಂತ ತಮ್ಮನದು.

ಅಕ್ಕ ತಮ್ಮಂದಿರ ನಡುವೆ ಹನ್ನೊಂದು ವರ್ಷದ ಅಂತರ. ಅಪ್ಪ ಮೊದಲೇ ಹೋಗಿದ್ದ. ಅಮ್ಮ ತೀರಿಕೊಂಡಾಗ ಅವಳಿಗೆ ಹತ್ತೊಂಬತ್ತು, ಅವನಿಗೆ ಎಂಟು. ಅಮ್ಮನ ಹೊಲಿಗೆ ಮಿಷನ್ನನ್ನು ಮುಂದಿನ ಕೋಣೆಯ ಕಿಟಕಿಗೆ ಎಳೆದುಕೊಂಡು ಕೂತವಳು ಅಲ್ಲೇ ಬೇರು ಬಿಟ್ಟಳು. ಮದುವೆಯ ಮಾತು ಬಂದಾಗಲೆಲ್ಲ "ಇವನೊಂದು ದಡ ಸೇರಲಿ" ಎಂದಳು. ಅವನು ದಡ ಸೇರುವ ಹೊತ್ತಿಗೆ ಕೇಳುವವರೇ ಉಳಿದಿರಲಿಲ್ಲ. ಅದಕ್ಕೇನೂ ಅವಳು ಕೊರಗಿದವಳಲ್ಲ ಬಿಡಿ. ಮುಂದಿನ ಕೋಣೆ ಅಂಗಡಿ, ಹಿಂದಿನ ಕೋಣೆ ಸಂಸಾರ, ನಡುವೆ ಒಂದು ಪರದೆ. ಇಷ್ಟರಲ್ಲಿ ಅವಳ ಪ್ರಪಂಚ ಸರಿಯಾಗಿ ಹಿಡಿಸಿತ್ತು.

ತಮ್ಮ ಸಿಟಿ ಬಸ್ಸಿನ ಡ್ರೈವರ್ ಆದ. ಡ್ರೈವರ್ ಅಂದರೆ ಎಂಥ ಡ್ರೈವರ್! ಅವನ ಬಸ್ಸಿನಲ್ಲಿ ನಿಂತುಕೊಂಡು ಚಹಾ ಕುಡಿದರೂ ಒಂದು ತೊಟ್ಟು ಚೆಲ್ಲುವುದಿಲ್ಲ ಎಂದು ಅವನ ಕಂಡಕ್ಟರು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಆ ಕಂಡಕ್ಟರೂ ಇವನೂ ಏಳು ವರ್ಷ ಒಂದೇ ಬಸ್ಸು, ಒಂದೇ ಪಾಳಿ, ಒಂದೇ ಬುತ್ತಿ. ಮದುವೆ ಮಾಡಿಕೊಳ್ಳೋ ಎಂದು ಅಕ್ಕ ಗೋಗರೆದರೆ, "ನನಗೆ ಬಸ್ಸೊಂದು ಸಾಕು ಅಕ್ಕ, ಅದು ಎದುರು ಮಾತಾಡಲ್ಲ" ಎಂದು ನಗುತ್ತಿದ್ದ.

ಒಂದು ಸಂಜೆ ಮನೆಗೆ ಬಂದವನ ಮುಖದಲ್ಲಿ ರಕ್ತವೇ ಇರಲಿಲ್ಲ. ಶಾಲೆಯ ತಿರುವಿನಲ್ಲಿ ಹಿಂದಿನ ಚಕ್ರ ಏನನ್ನೋ ಹತ್ತಿ ಇಳಿದ ಹಾಗಾಯಿತಂತೆ. ಕನ್ನಡಿಯಲ್ಲಿ ನೋಡಿದರೆ ಏನೂ ಕಾಣಲಿಲ್ಲ. ಕಂಡಕ್ಟರನ್ನು ಕೇಳಿದರೆ ಏನೂ ಇಲ್ಲ ಎಂದ.

"ಆದ್ರೂ ಮಗು ಗಿಗು ಏನಾದ್ರೂ ಇದ್ದಿದ್ರೆ, ಅಕ್ಕ?"

"ಅಯ್ಯೋ ಮಾರಾಯ, ಹಾಗಿದ್ದಿದ್ರೆ ಇಷ್ಟೊತ್ತಿಗೆ ಊರೇ ಸೇರ್ತಿರಲಿಲ್ವಾ?" ಎಂದಳು. ಅವನು ಬಾಗಿಲು ಬಿಟ್ಟು ಒಳಗೇ ಬರಲಿಲ್ಲ. ಅರ್ಧ ಹೊಲಿದ ಅಂಗಿಯನ್ನು ಮಿಷನ್ನಿನ ಮೇಲೇ ಬಿಟ್ಟು, ಚಪ್ಪಲಿ ಮೆಟ್ಟಿಕೊಂಡು ಶಾಲೆಯ ತಿರುವಿನವರೆಗೂ ನಡೆದಳು. ಅಲ್ಲಿ ಯಾವುದೋ ಲಾರಿಯ ಟೈರಿನ ಸಿಗಿದ ರಬ್ಬರು ಬಿದ್ದಿತ್ತು. ಅದನ್ನೇ ಎತ್ತಿಕೊಂಡು ಬಂದು ಅವನ ಮುಂದೆ ಹಾಕಿದಳು. "ತಗೋ, ನೋಡ್ಕೋ ನಿನ್ನ ಮಗೂನ!" ಅವನು ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಆಮೇಲೆ ಎರಡು ಸಲ ಬಡಿಸಿಕೊಂಡು ಉಂಡ.

ಆ ಸಂಜೆ ತಾನು ಹೋಗಬಾರದಿತ್ತು ಎಂದು ಅವಳು ಮುಂದೆ ಎಷ್ಟು ಸಲ ಹೇಳಿಕೊಂಡಳೋ, ಅವಳಿಗೇ ಗೊತ್ತಿಲ್ಲ. ಆದರೆ ಹೇಳಿ, ಯಾವ ಅಕ್ಕ ಹೋಗದೆ ಕೂರುತ್ತಾಳೆ?

ಮರುದಿನ ಅವನು ಮತ್ತೆ ಕೇಳಿದ. ಇನ್ನೊಂದು ತಿರುವು, ಇನ್ನೊಂದು ಸದ್ದು. ಅದರ ಮಾರನೆಯ ದಿನ ಸದ್ದೂ ಬೇಕಾಗಲಿಲ್ಲ, ಬರೀ ಅನುಮಾನ ಸಾಕಾಯಿತು. ಬಾಗಿಲಲ್ಲಿ ನಿಂತು ಚಪ್ಪಲಿಯನ್ನೂ ಬಿಡದೆ ಕೇಳುತ್ತಿದ್ದ: "ಅಕ್ಕ, ಯಾರಿಗೂ ತಾಗಿಲ್ಲ ತಾನೆ?" ಅವಳು "ಯಾರಿಗೂ ತಾಗಿಲ್ಲ" ಅನ್ನಬೇಕು. ಮೊದಲು ಒಂದು ಸಲ ಹೇಳಿದರೆ ಸಾಕಾಗುತ್ತಿತ್ತು, ಆಮೇಲೆ ಮೂರು, ಆಮೇಲೆ ಏಳು. ನಡುವೆ ಮಿಷನ್ನಿನ ಸದ್ದಾದರೆ ಮೊದಲಿಂದ. ಅವಳು ನಕ್ಕರೆ ಮೊದಲಿಂದ. ಯಾರಾದರೂ ಗಿರಾಕಿ ಬಂದು "ನಮ್ಮ ಪ್ಯಾಂಟು ಆಯ್ತಾ?" ಎಂದರಂತೂ ಮುಗಿಯಿತು, ಅವರನ್ನು ಕಳಿಸಿ ಮತ್ತೆ ಒಂದರಿಂದ ಶುರು. ಅದೂ ಸಾಲದಾದಾಗ ರಸ್ತೆಗೆ ಹೋಗಿ ನೋಡಿ ಬರಬೇಕಿತ್ತು. ಹೋಗುತ್ತಿದ್ದಳು.

"ನನಗೂ ಗೊತ್ತು ಅಕ್ಕ, ಇದು ಹುಚ್ಚಾಟ ಅಂತ" ಎನ್ನುತ್ತಿದ್ದ ಅವನು, ತಲೆ ತಗ್ಗಿಸಿಕೊಂಡು. "ಗೊತ್ತಿದ್ರೂ ಬಿಡಲ್ಲ ಇದು. ನೀನು ಹೇಳಿದ್ರೆ ಮಾತ್ರ ಒಂದು ಗಳಿಗೆ ಬಿಡುತ್ತೆ." ಈ ಮಾತು ಕೇಳಿದಾಗ ಅವಳಿಗೆ ಪಾಪ ಅನಿಸುತ್ತಿತ್ತು. ಸುಳ್ಳು ಯಾಕೆ, ಒಳಗೊಳಗೇ ಒಂದಿಷ್ಟು ಹೆಮ್ಮೆಯೂ ಆಗುತ್ತಿತ್ತು. ಊರಿನಲ್ಲಿ ಯಾರ ಮಾತನ್ನೂ ನಂಬದವನು ತನ್ನ ಮಾತು ನಂಬುತ್ತಾನಲ್ಲ!

ಹತ್ತು ವರ್ಷ ಹೀಗೇ ನಡೆಯಿತು. ಮೊಣಕಾಲು ನೋವು ಶುರುವಾದ ಮೇಲೆ ಅವಳು ಪೂರ್ತಿ ರಸ್ತೆ ನಡೆಯುವುದನ್ನು ಬಿಟ್ಟಳು. ಮೂಲೆಯ ಚಪ್ಪಲಿ ರಿಪೇರಿ ಅಂಗಡಿಯ ಬೆಂಚಿನ ಮೇಲೆ ಅರ್ಧ ಗಂಟೆ ಕೂತು, ಅಲ್ಲಿಯ ಮುದುಕನ ಜೊತೆ ಊರ ಸುದ್ದಿ ಮಾತಾಡಿ, ಎದ್ದು ಬಂದು "ಪೂರ್ತಿ ನೋಡ್ಕೊಂಡು ಬಂದೆ ಕಣೋ, ಒಂದು ಇರುವೇನೂ ಸತ್ತಿಲ್ಲ" ಎನ್ನುತ್ತಿದ್ದಳು. ಅವನು ಉಸಿರು ಬಿಡುತ್ತಿದ್ದ. ಕೆಲಸ ಆಯಿತಲ್ಲ, ಮತ್ತಿನ್ನೇನು?

ಡಿಪೋದಲ್ಲಿ ಇದನ್ನು ಎಷ್ಟು ದಿನ ಮುಚ್ಚಿಟ್ಟುಕೊಳ್ಳಲು ಆದೀತು? ಒಂದು ಮಧ್ಯಾಹ್ನ ನಲವತ್ತು ಜನ ತುಂಬಿದ ಬಸ್ಸನ್ನು ತಿರುಗಿಸಿಕೊಂಡು ಹಿಂದಿನ ಎರಡು ಸ್ಟಾಪು ವಾಪಸು ಹೋದ. ಜನ ಬಾಯಿಗೆ ಬಂದ ಹಾಗೆ ಬೈದರು. ಡಿಪೋದವರು ಅವನಿಗೆ "ರಿವರ್ಸಣ್ಣ" ಎಂದು ಹೆಸರಿಟ್ಟರು. ಅದೇ ವಾರ ಸ್ಟೀರಿಂಗ್ ಕೈತಪ್ಪಿತು. ಡಿಪೋ ಅಂಗಳದಲ್ಲಿ ಬಂದ ಬಸ್ಸುಗಳನ್ನು ತೊಳೆಸುವ ಕೆಲಸ ಕೊಟ್ಟರು. ಬೇರೆಯವರು ಓಡಿಸುವ ಬಸ್ಸಿನ ಚಕ್ರಗಳನ್ನು ಬಗ್ಗಿ ಬಗ್ಗಿ ನೋಡುತ್ತ ನಿಲ್ಲುತ್ತಿದ್ದನಂತೆ, ರಕ್ತದ ಕಲೆ ಇದೆಯೇ ಎಂದು. ಮನೆಗೆ ಬಂದು ಆ ಬಸ್ಸುಗಳ ಬಗ್ಗೆಯೂ ಕೇಳುತ್ತಿದ್ದ. ಅವಳು ಅವಕ್ಕೂ ಉತ್ತರ ಹೇಳುತ್ತಿದ್ದಳು.

ಇದಕ್ಕೊಂದು ಹೆಸರಿದೆ ಎಂದು ಪತ್ತೆ ಹಚ್ಚಿದವನು ಕಂಡಕ್ಟರು. ಹೆಂಡತಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಗೋಡೆಯ ಮೇಲಿನ ಹಾಳೆ ಓದಿ, ಓಡೋಡಿ ಬಂದ. "ಅಕ್ಕ, ನಮ್ಮೋನ ಕಥೇನ ಹಾಗೇ ಅಚ್ಚು ಹಾಕಿಸಿ ಅಂಟಿಸಿದಾರೆ! ಗೀಳು ಕಾಯಿಲೆ ಅಂತೆ. ಓಸಿಡಿ ಅಂತಾರಂತೆ. ಹುಚ್ಚೂ ಅಲ್ಲ, ಗಾಳಿಯೂ ಅಲ್ಲ, ಔಷಧಿ ಇದೆಯಂತೆ."

"ನಮ್ಮ ಹುಡುಗನಿಗೆ ಎಂಥ ಕಾಯಿಲೆ? ಮನಸ್ಸು ಸ್ವಲ್ಪ ಸೂಕ್ಷ್ಮ, ಅಷ್ಟೆ" ಎಂದಳು ಟೈಲರಕ್ಕ. ನಲವತ್ತು ದಾಟಿದ ತಮ್ಮ ಅವಳಿಗಿನ್ನೂ ಹುಡುಗನೇ. ಅವನು ಮಾತ್ರ ಪರದೆಯ ಆಚೆಯಿಂದ ಬಂದು, "ಹೋಗೋಣ, ನಡಿ" ಎಂದು ಅಂಗಿ ಹಾಕಿಕೊಂಡ.

ಅಲ್ಲಿಯ ಡಾಕ್ಟರಮ್ಮ ಒಂದು ಗಂಟೆ ಕೂತು ಕೇಳಿದರು. ಆಮೇಲೆ ಹೇಳಿದರು: "ಇಂಥ ಯೋಚನೆ ಎಲ್ಲರಿಗೂ ಬರುತ್ತೆ, ಬಂದು ಹೋಗುತ್ತೆ. ಇವರಿಗೆ ಬಂದದ್ದು ಹೋಗಲ್ಲ. ಯಾರಿಗೂ ನೋವಾಗಬಾರದು ಅನ್ನೋ ಮನುಷ್ಯರಿಗೇ ಆ ಯೋಚನೆ ಜಾಸ್ತಿ ಕಚ್ಚುತ್ತೆ. ಇದು ತುರಿಕೆ ಇದ್ದ ಹಾಗೆ ಅಮ್ಮ. ಕೆರೆದಾಗ ಹಾಯೆನಿಸುತ್ತೆ, ಕೆರೆದಷ್ಟೂ ಜಾಸ್ತಿ ಆಗುತ್ತೆ. ಅವರ ಕೈ ಎಟುಕದ ಕಡೆ ನೀವು ಕೆರೆದು ಕೊಡ್ತಾ ಇದ್ದೀರಿ."

ಟೈಲರಕ್ಕನಿಗೆ ಉರಿದುಹೋಯಿತು. "ಅಂದ್ರೆ ಇಷ್ಟು ವರ್ಷ ನಾನು ಸಾಕಿದ್ದು ತಮ್ಮನ್ನಲ್ಲ, ಅವನ ರೋಗಾನ ಅಂತೀರಾ?"

"ಗೊತ್ತಿಲ್ದೆ ಮಾಡಿದ್ರಿ, ಪ್ರೀತಿಯಿಂದ ಮಾಡಿದ್ರಿ" ಎಂದರು ಡಾಕ್ಟರಮ್ಮ. "ಇನ್ಮೇಲೆ ಗೊತ್ತಿದ್ದೂ ಮಾಡಬೇಡಿ, ಅಷ್ಟೇ ಕೇಳೋದು."

ಒಂದೂವರೆ ವರ್ಷ ಎಲ್ಲರಿಗೂ ಕೊಡುವ ಮಾತ್ರೆ ಕೊಟ್ಟರು. ಅನುಮಾನ ಬಂದಾಗ ಉತ್ತರ ಹುಡುಕದೆ ತಡೆದುಕೊಳ್ಳುವ ಅಭ್ಯಾಸ ಮಾಡಿಸಿದರು. ಎಷ್ಟೋ ಜನರಿಗೆ ಅದರಲ್ಲೇ ವಾಸಿಯಾಗುತ್ತದಂತೆ. ಅವನಿಗೆ ಒಂಚೂರು ಸಡಿಲವಾದ ಹಾಗಾಗಿ ಮತ್ತೆ ಬಿಗಿಯಿತು. ಬಿಗಿಯದೆ ಏನು? ಆಸ್ಪತ್ರೆಯಲ್ಲಿ ತಡೆದುಕೊಂಡು ಬಂದವನು ಮನೆಯಲ್ಲಿ ಅಕ್ಕನ ಮುಖ ನೋಡಿದರೆ, ಅಕ್ಕ ಬಾಗಿಲು ಹಾಕಿ, ಪರದೆ ಎಳೆದು, "ಇದೊಂದೇ ಸಲ, ಡಾಕ್ಟರಮ್ಮನಿಗೆ ಹೇಳ್ಬೇಡ" ಎಂದು ಏಳು ಸಲ ಹೇಳಿಬಿಡುತ್ತಿದ್ದಳು.

ಆಗ ಬಂತು ಸಂಶೋಧನೆಯ ಮಾತು. ಆ ಆಸ್ಪತ್ರೆಯಲ್ಲಿ ಈ ಕಾಯಿಲೆಗೆ ಒಂದು ಹೊಸ ಮಾತ್ರೆಯನ್ನು ಪರೀಕ್ಷೆ ಮಾಡುತ್ತಿದ್ದರು. ಎಲ್ಲವನ್ನೂ ವಿವರಿಸಲು ಕನ್ನಡಕದ ಹುಡುಗಿಯೊಬ್ಬಳನ್ನು ಇಟ್ಟಿದ್ದರು, ಬಹಳ ತಾಳ್ಮೆಯವಳು. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಅರ್ಧ ಜನಕ್ಕೆ ಏನೂ ಇಲ್ಲದ ಖಾಲಿ ಮಾತ್ರೆ. ಯಾರಿಗೆ ಯಾವುದು ಎಂದು ಕೊಡುವವರಿಗೂ ಗೊತ್ತಿರುವುದಿಲ್ಲ. ಬೇಡವೆನಿಸಿದರೆ ಯಾವಾಗ ಬೇಕಾದರೂ ಬಿಟ್ಟು ಹೋಗಬಹುದು. ಹನ್ನೆರಡು ವಾರ ಆದ ಮೇಲೆ, ಕಾಯಿಲೆ ಇಳಿಯದೇ ಇದ್ದವರಿಗೆ ಎರಡನೇ ಭಾಗ: ತಲೆಯ ಹೊರಗಡೆಯಿಂದ ಅಯಸ್ಕಾಂತ ಹಿಡಿದು ಕೊಡುವ ಹೊಸ ಚಿಕಿತ್ಸೆ. ಸೂಜಿಯಿಲ್ಲ, ಕತ್ತರಿಯಿಲ್ಲ. ಡಾಕ್ಟರಮ್ಮನಿಗೆ ಹೆಚ್ಚು ನಂಬಿಕೆ ಇದ್ದದ್ದು ಇದರ ಮೇಲೇ.

"ನನಗೆ ಉಪಯೋಗ ಆಗದೆ ಹೋದ್ರೂ, ಮುಂದೆ ಇನ್ಯಾರಿಗಾದ್ರೂ ಆಗುತ್ತಾ?" ಎಂದು ತಮ್ಮ ಕೇಳಿದ.

"ಆಗುತ್ತೆ ಸಾರ್" ಎಂದಳು ಹುಡುಗಿ. "ಈ ಮಾತ್ರೆ ಕೆಲಸ ಮಾಡಲ್ಲ ಅಂತ ಗೊತ್ತಾದ್ರೂ ಅದು ಉಪಯೋಗಾನೇ. ಒಟ್ಟಿನಲ್ಲಿ ನಮಗೆ ನಿಜ ಗೊತ್ತಾಗಬೇಕು."

ಅವನು ಸಹಿ ಹಾಕಿದ. ಸರಿಯಾಗಿ ಹಾಕಿದೆನೋ ಇಲ್ಲವೋ ಎಂದು ಅದನ್ನೇ ಹತ್ತು ಸಲ ತಿರುಗಿಸಿ ನೋಡಿದ, ಅದು ಬೇರೆ ಮಾತು. ವಾಪಸು ಬರುವಾಗ ಅವನ ಮುಖದಲ್ಲಿ ಎಷ್ಟೋ ವರ್ಷದಿಂದ ಕಾಣದ ಕಳೆ ಇತ್ತು. "ವಾಸಿಯಾದ್ರೆ ಬಸ್ಸು ಕೊಡ್ತಾರೆ ಅಕ್ಕ. ಮ್ಯಾನೇಜರ್ ಮಾತು ಕೊಟ್ಟಿದಾರೆ" ಎಂದ. ಅವನಿಗೆ ಬೇಕಾಗಿದ್ದದ್ದು ಅದೊಂದೇ.

ವಾರಕ್ಕೊಂದು ಚೀಟಿ ತುಂಬಿ ಕೊಡಬೇಕಿತ್ತು. ದಿನಕ್ಕೆ ಎಷ್ಟು ಹೊತ್ತು ಈ ಯೋಚನೆಯಲ್ಲಿ ಹೋಯಿತು, ಎಷ್ಟು ಸಲ ಕೇಳಿದರು, ಮನೆಯವರು ಎಷ್ಟು ಸಲ ಉತ್ತರ ಹೇಳಿದರು. ಅವನ ಕೈಗೆ ಚೀಟಿ ಕೊಟ್ಟರೆ ಮೂವತ್ತೋ ಮೂವತ್ತೊಂದೋ ಎಂದು ಬರೆದು ಅಳಿಸಿ, ಬರೆದು ಅಳಿಸಿ, ಕಾಗದವೇ ತೂತಾಗುತ್ತಿತ್ತು. ಹಾಗಾಗಿ ಜೊತೆಗಿರುವ ಅಕ್ಕ ತುಂಬಲಿ ಎಂದಾಯಿತು.

ಮೊದಲ ವಾರ ಅವಳು ಇದ್ದದ್ದನ್ನು ಇದ್ದ ಹಾಗೇ ಬರೆದಳು. ದಿನಕ್ಕೆ ಆರು ಗಂಟೆ, ನಲವತ್ತೊಂದು ಸಲ. ಕನ್ನಡಕದ ಹುಡುಗಿ ಅದನ್ನು ಗಟ್ಟಿಯಾಗಿ ಓದಿ ಕಂಪ್ಯೂಟರಿಗೆ ಹಾಕಿಕೊಂಡಳು. ಪಕ್ಕದ ಕುರ್ಚಿಯಲ್ಲಿ ತಮ್ಮ ಕುಗ್ಗಿಹೋದ. ನಲವತ್ತೊಂದು ಎಂದು ಬೇರೆಯವರ ಬಾಯಲ್ಲಿ ಕೇಳಿ ಅವನ ಕಿವಿಯೆಲ್ಲ ಕೆಂಪಾಯಿತು. ಟೈಲರಕ್ಕನಿಗೆ ಅದನ್ನು ನೋಡಲಾಗಲಿಲ್ಲ. ಎರಡನೇ ವಾರ ಮೂವತ್ತೆಂಟಿತ್ತು, ಮೂವತ್ತಾರು ಎಂದು ಬರೆದಳು. ಹುಡುಗಿ "ಇಳೀತಾ ಇದೆ!" ಎಂದಳು. ತಮ್ಮ ತಲೆಯೆತ್ತಿದ. ಅಷ್ಟೇ ನೋಡಿ, ಎಡವಟ್ಟು ಶುರುವಾದದ್ದು ಅಲ್ಲಿಂದ. ಮೂರನೇ ವಾರ ಮೂವತ್ತು, ಐದನೇ ವಾರ ಇಪ್ಪತ್ತಮೂರು. ಅವನು ಕೇಳುವುದು ಮಾತ್ರ ಮೂವತ್ತೆಂಟರಿಂದ ಕೆಳಗಿಳಿಯಲೇ ಇಲ್ಲ. ಉತ್ತರ ಎಷ್ಟು ಸಲ ಹೇಳಿದಿರಿ ಎನ್ನುವ ಕಡೆ ಎರಡನೇ ವಾರದಿಂದ ಪ್ರತಿ ಸಲವೂ ಸೊನ್ನೆ. ಹಾಗೆ ಬರೆಯುವಾಗ ಅವಳ ಕೈ ಅಳುಕಲಿಲ್ಲ. ಇದೂ ಒಂದು ಅಳತೆ, ಹೇಳುವಾಗ ಎರಡು ಇಂಚು ಕಡಿಮೆ ಹೇಳಬೇಕು, ಕೇಳಿದವರಿಗೆ ಧೈರ್ಯ ಬರಬೇಕು. ಅಂಗಡಿಯಲ್ಲಾದರೆ ನಿಜವಾದ ಅಳತೆಗೆ ಇನ್ನೊಂದು ಪುಸ್ತಕವಿತ್ತು. ಇಲ್ಲಿ ಇದ್ದದ್ದೇ ಈ ಚೀಟಿ, ಕತ್ತರಿ ಬೀಳುವುದೂ ಇದರ ಮೇಲೇ ಎನ್ನುವುದು ಪುಣ್ಯಾತ್ಗಿತ್ತಿಗೆ ಹೊಳೆಯಲೇ ಇಲ್ಲ.

ಡಾಕ್ಟರಮ್ಮ ತಿಂಗಳಿಗೊಂದು ಸಲ ತಮ್ಮನನ್ನೇ ಕೂರಿಸಿಕೊಂಡು ಕೇಳುತ್ತಿದ್ದರು. ಅವನು ಹೇಳುತ್ತಿದ್ದದ್ದು ಒಂದೇ: "ನನ್ನ ಲೆಕ್ಕ ನನಗೇ ನಂಬಿಕೆಯಿಲ್ಲ ಮೇಡಂ. ಅಕ್ಕ ಬರೆದಿದ್ದೇ ಸರಿ."

ಆದರೂ ಚೀಟಿ ಕೊಡುವ ದಿನ ಬೆಳಿಗ್ಗೆ ಅವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಕೇಳುತ್ತಿದ್ದ: "ಅಕ್ಕ, ಸರಿಯಾಗಿ ಬರೆದೆ ತಾನೆ? ಕಡಿಮೆ ಗಿಡಿಮೆ ಬರೆದಿಲ್ಲ ತಾನೆ? ನನಗ್ಯಾಕೋ ಒಳಗೆ ಹಾಗೇ ಇದ್ದಂಗಿದೆ."

"ನೋಡು, ಇದೂ ನಿನ್ನ ರೋಗಾನೇ ಕೇಳ್ತಿರೋದು" ಎನ್ನುತ್ತಿದ್ದಳು ಟೈಲರಕ್ಕ. "ಉತ್ತರ ಕೊಡಬಾರದು ಅಂತ ಡಾಕ್ಟರಮ್ಮ ಹೇಳಿದಾರೆ." ಅವನು ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿ ಉಳಿದ ಗುಂಡಿ ಹಾಕಿಕೊಳ್ಳುತ್ತಿದ್ದ. ಡಾಕ್ಟರಮ್ಮ ಹೇಳಿಕೊಟ್ಟ ನಿಯಮವನ್ನು ಅವಳು ಚಾಚೂ ತಪ್ಪದೆ ಪಾಲಿಸಿದ್ದು ಈ ಒಂದು ಪ್ರಶ್ನೆಗೆ ಮಾತ್ರ.

ಹನ್ನೆರಡನೇ ವಾರ ಡಾಕ್ಟರಮ್ಮ ನಗುತ್ತಾ ಬಂದರು. "ಅರ್ಧಕ್ಕಿಂತ ಕೆಳಗೆ ಇಳಿದಿದೆ. ತುಂಬ ಸಂತೋಷ. ನಿಮಗೆ ಎರಡನೇ ಭಾಗ ಬೇಕಾಗಿಲ್ಲ. ಇದೇ ಮಾತ್ರೆ ಮುಂದುವರಿಸೋಣ."

ಟೈಲರಕ್ಕ ಚೀಲದ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಎರಡನೇ ಭಾಗ! ಆ ಮಾತನ್ನು ಮೊದಲ ದಿನ ಕೇಳಿದ್ದಳು, ಕೇಳಿ ಮರೆತಿದ್ದಳು. ಕಡಿಮೆ ಅಂಕಿ ಬಂದರೆ ಬಸ್ಸು ಬೇಗ ಸಿಗುತ್ತದೆ ಎಂದಷ್ಟೇ ಅವಳ ತಲೆಯಲ್ಲಿದ್ದದ್ದು. "ಇಲ್ಲ, ನಾನು ಸುಳ್ಳು ಬರೆದೆ" ಎಂದು ಅಲ್ಲೇ, ಆಗಲೇ ಹೇಳಿಬಿಡಬಹುದಿತ್ತು. ಆದರೆ ಕಂಡಕ್ಟರು ಹೊರಗೆ ಕಾಯುತ್ತಿದ್ದ, ಹುಡುಗಿ ಚಪ್ಪಾಳೆ ತಟ್ಟಿದಳು, ಇಷ್ಟು ಜನರ ಮುಂದೆ ಹೇಗೆ ಹೇಳುವುದು?

ಹೊರಗಿನ ಮೆಟ್ಟಿಲ ಮೇಲೆ ತಮ್ಮ ಕೂತುಬಿಟ್ಟ. "ಅಕ್ಕ, ನನಗೆ ಒಳಗೆ ಹಾಗೇ ಇದೆ. ಚೀಟಿ ನೋಡಿದ್ರೆ ಇಳಿದಿದೆ ಅನ್ನುತ್ತೆ. ಅಂದ್ರೆ ನನಗೆ ಕಾಯಿಲೆ ಯಾವುದು, ಗುಣ ಯಾವುದು ಅಂತಾನೂ ತಿಳೀದಷ್ಟು ತಲೆ ಕೆಟ್ಟಿದೆ ಅಂತ ತಾನೆ?"

ಪಾಪದವನು ಅಕ್ಕನನ್ನು ಅನುಮಾನಿಸಲಿಲ್ಲ, ತನ್ನನ್ನೇ ಅನುಮಾನಿಸಿದ.

ಒಂಬತ್ತು ದಿನ ಅವಳ ಕೈಗೆ ಕೆಲಸ ಹತ್ತಲಿಲ್ಲ. ಒಂದು ಫ್ರಾಕಿನ ಎರಡೂ ತೋಳು ಒಂದೇ ಕಡೆಗೆ ಹೊಲಿದು, ಬಿಚ್ಚಿ, ಮತ್ತೆ ಹಾಗೇ ಹೊಲಿದಳು. ಹತ್ತನೇ ದಿನ ಅಂಗಡಿಗೆ ಬೀಗ ಹಾಕಿ ಒಬ್ಬಳೇ ಆಸ್ಪತ್ರೆಗೆ ಹೋದಳು. ಡಾಕ್ಟರಮ್ಮನ ಮೇಜಿನ ಎದುರು ಕೂತು, ವಾರ ವಾರದ ನಿಜವಾದ ಅಂಕಿಗಳನ್ನು ನೆನಪಿನಿಂದಲೇ ಹೇಳಿದಳು. ಅಳತೆ ಮರೆಯುವವಳಲ್ಲ ಅವಳು.

ಡಾಕ್ಟರಮ್ಮ ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಪೆನ್ನು ಕೆಳಗಿಟ್ಟರು. "ಅವರ ಹನ್ನೆರಡು ವಾರದ ಲೆಕ್ಕಾನೂ ಸಂಶೋಧನೆಯಿಂದ ತೆಗೆದುಹಾಕಬೇಕಾಗುತ್ತೆ ಅಮ್ಮ. ಸುಳ್ಳು ಅಂಕಿ ಇಟ್ಕೊಂಡು ಬೇರೆಯವರಿಗೆ ಈ ಮಾತ್ರೆ ಒಳ್ಳೇದು ಅಂತ ನಾನು ಹೇಗೆ ಹೇಳ್ಲಿ? ನೆನಪಿನ ಲೆಕ್ಕ ನಂಬಿ ಎರಡನೇ ಭಾಗಕ್ಕೆ ಸೇರಿಸೋಕೂ ಬರಲ್ಲ. ಅದು ಹೊರಗೆ ಇನ್ನೂ ಎಲ್ಲೂ ಸಿಗಲ್ಲ. ಮುಂದೆ ಇನ್ನೊಂದು ಸಂಶೋಧನೆ ಬಂದಾಗ ನೋಡೋಣ. ಅಲ್ಲಿವರೆಗೂ ಮಾಮೂಲಿ ಚಿಕಿತ್ಸೆ ಕೊಡ್ತೀವಿ, ಬಿಡಲ್ಲ." ಆಮೇಲೆ ಕೇಳಿದರು: "ಅವರಿಗೆ ನೀವೇ ಹೇಳ್ತೀರೋ, ನಾನು ಹೇಳಲೋ?"

"ನಾನೇ ಹೇಳ್ತೀನಿ" ಎಂದಳು.

ಆ ಸಂಜೆ ಅವನು ಬಾಗಿಲಲ್ಲಿ ನಿಂತು ಬಾಯಿ ತೆರೆಯುವ ಮೊದಲೇ ಅವಳು ಹೇಳಿಬಿಟ್ಟಳು. ಎಲ್ಲವನ್ನೂ ಹೇಳಿದಳು. ನಿನ್ನ ಮುಖ ಬಾಡೋದು ನೋಡೋಕಾಗ್ಲಿಲ್ಲ ಕಣೋ, ಬಸ್ಸು ಬೇಗ ಸಿಗಲಿ ಅಂತ ಮಾಡಿದೆ, ನಿನ್ನ ಕಾಲಿಗೆ ಬೀಳ್ತೀನಿ ಎಂದೆಲ್ಲ ಹೇಳುತ್ತಲೇ ಅತ್ತಳು. ಅವನು ಚಿಕಿತ್ಸೆ ತಪ್ಪಿತಲ್ಲ ಎಂದು ಕೂಗಾಡಬಹುದು ಎಂದುಕೊಂಡಿದ್ದಳು. ಅವನು ಆ ಮಾತೇ ಎತ್ತಲಿಲ್ಲ. ಗೋಡೆಗೆ ಒರಗಿ ನಿಂತು ಬಹಳ ಮೆಲ್ಲಗೆ ಕೇಳಿದ.

"ಹಾಗಾದ್ರೆ ಇಷ್ಟು ವರ್ಷ 'ಯಾರಿಗೂ ತಾಗಿಲ್ಲ' ಅಂದಿದ್ದು?"

"ಅದು ನಿಜಾನೇ! ಅದು ನಿಜ ಕಣೋ!"

"ಪ್ರತಿ ಸಲಾನೂ ರಸ್ತೆಗೆ ಹೋಗಿ ನೋಡಿದ್ಯಾ?"

ಆಗಲಾದರೂ ಹೌದು ಎಂದುಬಿಡಬಹುದಿತ್ತು. ಆದರೆ ಅಂದು ಸುಳ್ಳು ಹೇಳುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಚಪ್ಪಲಿ ಅಂಗಡಿಯ ಬೆಂಚಿನ ವಿಷಯವನ್ನೂ ಹೇಳಿದಳು. ಎಷ್ಟು ಸಲ ಎಂದು ಕೇಳಿದ. ಲೆಕ್ಕವಿಲ್ಲ ಎಂದಳು. ಅವನು ಹಾಗೇ ಗೋಡೆ ಹಿಡಿದುಕೊಂಡು ಕೆಳಗೆ ಕೂತ.

"ನನ್ನ ತಲೆ ಸುಳ್ಳು ಹೇಳುತ್ತೆ ಅಂತ ನಿನ್ನ ಮಾತು ಹಿಡ್ಕೊಂಡಿದ್ದೆ ಅಕ್ಕ" ಎಂದ. "ಈಗ ಯಾವುದನ್ನ ಹಿಡ್ಕೊಳ್ಳಲಿ, ಹೇಳು?"

ಅವಳು ಕಣ್ಣೊರೆಸಿಕೊಂಡು ಅವನಿಗೆ ಬಡಿಸಲು ಪರದೆಯ ಆಚೆ ಹೋದಳು.

ಮರುದಿನ ಅವನು ಡಿಪೋಗೆ ರಜೆ ಹಾಕಿ, ತಾನು ಹಿಂದೆ ಬಸ್ಸು ಓಡಿಸುತ್ತಿದ್ದ ದಾರಿಯಲ್ಲಿ ನಡೆದ. ಅದರ ಮರುದಿನವೂ ನಡೆದ. ಹತ್ತು ವರ್ಷದ ಹಿಂದಿನ ತಿರುವುಗಳಲ್ಲಿ ನಿಂತು ಅಂಗಡಿಯವರನ್ನು ಕೇಳುತ್ತಿದ್ದ, "ಇಲ್ಲಿ ಯಾವತ್ತಾದ್ರೂ ಬಸ್ಸಿಗೆ ಸಿಕ್ಕಿ ಯಾರಾದ್ರೂ..." ಎಂದು. ಜನ ನಕ್ಕರು, ಕೆಲವರು ಗದರಿದರು. ಪಾದವೆಲ್ಲ ಬೊಬ್ಬೆ ಎದ್ದವು. ಬಿಸಿನೀರು ತಂದಿಟ್ಟರೆ ಕಾಲು ಇಡುತ್ತಿದ್ದ, ಬಡಿಸಿದರೆ ಉಣ್ಣುತ್ತಿದ್ದ, "ಅಕ್ಕ" ಎಂದೇ ಕರೆಯುತ್ತಿದ್ದ. ಕೇಳುವುದನ್ನು ಮಾತ್ರ ನಿಲ್ಲಿಸಿಬಿಟ್ಟಿದ್ದ. ಆ ಪ್ರಶ್ನೆ ನಿಂತರೆ ಸಾಕು ಎಂದು ವರ್ಷಗಟ್ಟಲೆ ಹಂಬಲಿಸಿದವಳು, ಈಗ ಸಂಜೆಯಾಗುತ್ತಲೇ ಮಿಷನ್ನು ನಿಲ್ಲಿಸಿ ಬಾಗಿಲ ಕಡೆ ಕಿವಿಗೊಟ್ಟು ಕೂರುತ್ತಿದ್ದಳು.

ಕೊನೆಗೆ ಕಂಡಕ್ಟರೇ ರಸ್ತೆಯಲ್ಲಿ ಅವನನ್ನು ಹುಡುಕಿ, ರಟ್ಟೆ ಹಿಡಿದು ಮತ್ತೆ ಆಸ್ಪತ್ರೆಗೆ ಎಳೆದುಕೊಂಡು ಹೋದ. ಮಾಮೂಲಿ ಚಿಕಿತ್ಸೆ ಮತ್ತೆ ಮೊದಲಿಂದ ಶುರುವಾಯಿತು. ನಡೆಯುವುದು ನಿಧಾನವಾಗಿ ಕಡಿಮೆಯಾಯಿತು. ಡಿಪೋ ಮ್ಯಾನೇಜರ್ ಬದಲಾದರು, ಹೊಸಬರಿಗೆ ಯಾರ ಮಾತೂ ಗೊತ್ತಿರಲಿಲ್ಲ, ಬಸ್ಸಿನ ಆಸೆ ಅಲ್ಲಿಗೆ ಮುಗಿಯಿತು. ಸುಮಾರು ಎರಡು ವರ್ಷದ ಮೇಲೆ ಅಯಸ್ಕಾಂತದ ಚಿಕಿತ್ಸೆಗೇ ಬೇರೆ ಸಂಶೋಧನೆ ಶುರುವಾದಾಗ, ಡಾಕ್ಟರಮ್ಮ ಫೋನು ಮಾಡಿ ಕರೆದರು. ಹೋಗುವುದಿಲ್ಲ ಎನ್ನುತ್ತಾನೇನೋ ಎಂದು ಟೈಲರಕ್ಕ ಹೆದರಿದ್ದಳು. ಅವನು ಒಪ್ಪಿಕೊಂಡ.

ಅಂದು ಬುತ್ತಿ ಕಟ್ಟಿಕೊಂಡು ಅವಳೂ ಹೊರಟಳು. ಹೊಸ ಕನ್ನಡಕ ಮಾಡಿಸಿಕೊಂಡಿದ್ದಳು, ಚೀಟಿಯ ಒಂದು ಅಕ್ಷರವೂ ತಪ್ಪದ ಹಾಗೆ ಓದಬೇಕೆಂದು. ಈ ಸಲ ನಲವತ್ತಾದರೆ ನಲವತ್ತು, ನೂರಾದರೆ ನೂರು. ಆಸ್ಪತ್ರೆಯ ಬಾಗಿಲಲ್ಲಿ ಕಂಡಕ್ಟರು ಆಗಲೇ ಬಂದು ನಿಂತಿದ್ದ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಅದೇ ಕನ್ನಡಕದ ಹುಡುಗಿ ಹೊರಬಂದು ಕರೆದಳು. ಮೂವರೂ ಒಳಗೆ ಹೊರಟರು.

"ಅಮ್ಮ, ನೀವು ಇಲ್ಲೇ ಕೂತಿರಿ" ಎಂದಳು ಹುಡುಗಿ, ಬಹಳ ಮೆತ್ತಗೆ. "ಜೊತೆಗಿದ್ದು ಬರೆಯೋರು ಅಂತ ಸಾರ್ ಇವರ ಹೆಸರು ಕೊಟ್ಟಿದ್ದಾರೆ."

ಕಂಡಕ್ಟರು ಅವಳ ಮುಖ ನೋಡಲಾರದೆ ಅಂಗಿಯ ಜೇಬು ಸರಿ ಮಾಡಿಕೊಂಡ. ತಮ್ಮ ತಿರುಗಿ, "ಬಿಸಿಲ ಕಡೆ ಕೂರಬೇಡ ಅಕ್ಕ, ಆ ಕಡೆ ಫ್ಯಾನ್ ಇದೆ" ಎಂದು ಹೇಳಿ ಒಳಗೆ ಹೋದ. ಅವಳು ಫ್ಯಾನಿನ ಕೆಳಗೆ ಹೋಗಿ ಕೂತಳು. ಬುತ್ತಿ ತೊಡೆಯ ಮೇಲಿತ್ತು. ಇಪ್ಪತ್ತು ದಿನದ ಚಿಕಿತ್ಸೆಗೆ ಇಪ್ಪತ್ತು ದಿನವೂ ಅವಳು ಬಂದು ಅದೇ ಜಾಗದಲ್ಲಿ ಕೂತಳು. ಬರಬೇಡ ಎಂದು ಅವನು ಹೇಳಲಿಲ್ಲ. ಒಳಗೆ ಏನಾಯಿತೆಂದೂ ಹೇಳಲಿಲ್ಲ.

ಕೊನೆಯ ದಿನ ಕಂಡಕ್ಟರು ಪಾಳಿಗೆ ಹೋದ. ಅಕ್ಕ ತಮ್ಮ ಇಬ್ಬರೇ ಬಸ್ಸು ಹತ್ತಿ ಅಕ್ಕಪಕ್ಕ ಕೂತರು. ಮಾರುಕಟ್ಟೆ ದಾಟುತ್ತಿದ್ದ ಹಾಗೆ ಹಿಂದಿನ ಚಕ್ರ ಏನನ್ನೋ ಹತ್ತಿ ದಡಕ್ಕನೆ ಇಳಿಯಿತು. ಬಸ್ಸು ನಿಲ್ಲಲಿಲ್ಲ. ತಮ್ಮ ಮುಂದಿನ ಸೀಟಿನ ಕಂಬಿಯನ್ನು ಬೆರಳು ಬಿಳಚುವ ಹಾಗೆ ಹಿಡಿದ. ಹಿಂದಕ್ಕೆ ಹೊರಳಿದ ಕತ್ತು ಅರ್ಧಕ್ಕೇ ನಿಂತಿತು. ಹಣೆಯಲ್ಲಿ ಬೆವರು ಮೂಡಿತು. ಟೈಲರಕ್ಕ ಉಸಿರು ಬಿಗಿಹಿಡಿದಳು. ಉತ್ತರ ಕೊಡಬಾರದು ಎಂದು ಅವಳಿಗೆ ಚೆನ್ನಾಗಿ ಗೊತ್ತು, ಕೊಡುವುದೂ ಇಲ್ಲ. ಆದರೂ ಒಂದು ಸಲ ಕೇಳಲಿ ಎಂದು ಹೊಟ್ಟೆಯೊಳಗಿಂದ ಆಸೆ ಹುಟ್ಟಿ ಬಂತು. ಒಂದು ಸ್ಟಾಪು ಹೋಯಿತು. ಎರಡನೆಯದೂ ಹೋಯಿತು. ಅವನ ಬೆರಳುಗಳು ನಿಧಾನವಾಗಿ ಸಡಿಲವಾದವು. ಅಂಗೈ ಪ್ಯಾಂಟಿಗೆ ಒರೆಸಿಕೊಂಡು ಕಿಟಕಿಯ ಆಚೆ ನೋಡಿದ.

ವಾಸಿಯಾಗುತ್ತಿದ್ದಾನೆಯೇ? ಇಲ್ಲ, ಇವಳನ್ನು ಕೇಳಿ ಏನು ಬಂತು ಎಂದು ಬಿಟ್ಟನೇ? ಅವಳಿಗೆ ತಿಳಿಯಲಿಲ್ಲ. ಪಕ್ಕದಲ್ಲೇ ಕೂತಿದ್ದಾನೆ, ಒಂದು ಮಾತು ಕೇಳಿದರೆ ಮುಗಿಯಿತು. ಕೇಳಿದರೆ, ಅವನು ಇಷ್ಟು ಕಷ್ಟಪಟ್ಟು ಕೆಳಗಿಟ್ಟದ್ದನ್ನು ತಾನೇ ಎತ್ತಿ ಅವನ ತಲೆಗೆ ಹಾಕಿದ ಹಾಗಾಗುತ್ತದೆ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡಳು.

"ನಮ್ಮ ಸ್ಟಾಪ್ ಬಂತು, ಏಳು ಅಕ್ಕ" ಎಂದು ಅವನು ಕೈ ಚಾಚಿದ. ಅವಳು ಕೈ ಹಿಡಿದು ಎದ್ದು, ಮೊಣಕಾಲು ನೋಯದ ಹಾಗೆ ಒಂದೊಂದೇ ಮೆಟ್ಟಿಲು ಇಳಿದಳು.